ಕರಡಿ ವಂಕದ ಏರು

ಸುಂಕಣ್ಣನಿಗೆ ಜೀಪು ಕಲಿಸಿದವನು ನಾನೇ. ಆ ದಿನ ಆದದ್ದಕ್ಕೆ ಯಾರನ್ನಾದರೂ ಬೈಯಬೇಕೆಂದರೆ ಮೊದಲು ನನ್ನನ್ನೇ ಬೈಯಿರಿ, ಆದರೆ ಪೂರ್ತಿ ಕೇಳಿ ಬೈಯಿರಿ.

ಆದವಾನಿಯ ಹತ್ತಿ ಗಿರಣಿಯೊಂದರಲ್ಲಿ ನಾನು ಫಿಟ್ಟರ್. ಅದರ ಸಾಹುಕಾರ ಗಾದಿಲಿಂಗಪ್ಪ, ಗಾಡಿ ಹೊಡೆಯುವ ಸುಂಕಣ್ಣ, ಕಂಬಳಿ ನೇಯುವ ಮೂಕಪ್ಪ, ನಾನು, ನಾಲ್ವರೂ ಚಿಕ್ಕಂದಿನಲ್ಲಿ ಒಂದೇ ಬಾವಿಯಲ್ಲಿ ಈಜು ಕಲಿತವರು. ಎರಡನೇ ಮಹಾಯುದ್ಧ ಮುಗಿದು ಏಳೆಂಟು ವರ್ಷದ ಮೇಲೆ ಗಾದಿಲಿಂಗಪ್ಪ ಮಿಲಿಟರಿ ಹರಾಜಿನ ಹಳೇ ಜೀಪೊಂದನ್ನು ತಂದ. ಜೀಪು ಬಂತು, ಸುಂಕಣ್ಣನ ಎತ್ತಿನ ಗಾಡಿಯ ಕೆಲಸ ಹೋಯಿತು. ಇನ್ನು ನಲವತ್ತನೇ ವಯಸ್ಸಿಗೆ ಗೋನೆಗಂಡ್ಲದಲ್ಲಿ ಮನೆ ಅಳಿಯನಾಗಿ ಮಾವನ ಕುರಿ ಕಾಯಬೇಕು. ಅದಕ್ಕಿಂತ ಸಾಯುವುದು ಮೇಲು ಎಂದು ನನ್ನ ಮುಂದೆ ಅತ್ತ. ನನಗೆ ಸಿಟ್ಟು ಬಂದು, ಗಿರಣಿಯ ಅಂಗಳದಲ್ಲೇ ಒಂದು ತಿಂಗಳು ಅವನಿಗೆ ಜೀಪು ಕಲಿಸಿದೆ.

ಗಾದಿಲಿಂಗಪ್ಪ ಒಪ್ಪಬೇಕಲ್ಲ. ಸ್ನೇಹ ಬೇರೆ, ಕೆಲಸ ಬೇರೆ ಎಂದ. ಕರಡಿ ವಂಕ ಎಂಬ ಹಳ್ಳದ ಕಲ್ಲುದಾರಿಯಲ್ಲಿ ಮೇಲಿನ ಹುಣಸೆಮರದ ತನಕ ಹೋಗಿ ಬರಬೇಕು, ಎತ್ತು ಕಟ್ಟಿ ಎಳೆಸುವ ಗತಿ ಬಂದರೆ ಸೋಮವಾರ ಬಳ್ಳಾರಿಯ ಡ್ರೈವರ್ ಬರುತ್ತಾನೆ ಎಂದ. ಭಾನುವಾರ ಬೆಳಗ್ಗೆ ನಾಲ್ವರೂ ಹೊರಟೆವು.

ವಂಕದಲ್ಲಿ ಮೊಣಕಾಲು ಮುಳುಗದಷ್ಟು ನೀರು, ಉಳಿದದ್ದೆಲ್ಲ ಕಲ್ಲು. ಹೆಸರಿಗೆ ಮಾತ್ರ ಮೂಕಪ್ಪ, ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ. ಮೊದಲನೇ ಬಂಡೆಗೆ ಜೀಪು ಎಗರಿದಾಗ ಅವನ ತೊಡೆಯ ಮೇಲಿದ್ದ ಉಗ್ಗಾಣಿಯ ಗಂಟು ಬಿಚ್ಚಿ, ಮಂಡಕ್ಕಿಯೆಲ್ಲ ಗಾದಿಲಿಂಗಪ್ಪನ ರುಮಾಲಿನ ಮೇಲೆ ಸುರಿಯಿತು. ಎರಡನೇ ಬಂಡೆಗೆ ರುಮಾಲೇ ನೀರಿಗೆ ಬಿತ್ತು. ಸಾಹುಕಾರ ಬೈಯುತ್ತಾನೆಂದು ನಾವು ಉಸಿರು ಹಿಡಿದರೆ, ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಯಾರ ನಗುವೂ ನಿಲ್ಲಲಿಲ್ಲ. ಒಂದೊಂದು ಕಲ್ಲಿಗೂ ಹೋ ಎಂದು ಕೂಗಿದೆವು, ಮೂಕಪ್ಪ ನೆಗೆದಾಗಲೆಲ್ಲ ಒಂದೊಂದು ದೇವರ ಹೆಸರು ಹೇಳಿದ. ನಗದೆ ಇದ್ದವನು ಸುಂಕಣ್ಣ ಒಬ್ಬನೇ. ಸ್ಟೇರಿಂಗಿಗೆ ಅಂಟಿಕೊಂಡು ಬೆವರುತ್ತಿದ್ದ.

ಹುಣಸೆಮರದ ಕೆಳಗಿನ ಏರು ಎದುರಾಯಿತು. ಸಣ್ಣ ಗೇರು ಹಾಕಿ, ಕೈ ಎಕ್ಸಲೇಟರಿನ ಗುಂಡಿ ಎಳೆದಿಡಲು ಹೇಳಿದೆ. ಅದನ್ನು ಎಳೆದಿಟ್ಟರೆ ಕಾಲು ಒತ್ತದಿದ್ದರೂ ಇಂಜಿನ್ ಎಳೆಯುತ್ತಿರುತ್ತದೆ. ಅವನು ಹಾಗೇ ಮಾಡಿದ. ಜೀಪು ತಿಣುಕುತ್ತ ಇರುವೆಯ ಹಾಗೆ ಹತ್ತತೊಡಗಿತು.

"ಏರು ಬಂತು, ಇಳೀರಿ," ಎಂದ ಸುಂಕಣ್ಣ.

ಏರಿನಲ್ಲಿ ಗಾಡಿ ಮೇಲೆ ಕೂತರೆ ಎತ್ತಿನ ಶಾಪ ತಟ್ಟುತ್ತದೆ. ನಮ್ಮ ಕಡೆ ಕೂಸಿಗೂ ಗೊತ್ತು. ಮೂಕಪ್ಪ ಹಾರಿದ. ಇಂಜಿನ್ನಿನ ಒಂದೊಂದು ಬೋಲ್ಟು ಬಲ್ಲ ನಾನೂ ಹಾರಿದೆ. ಹತ್ತು ಹೆಜ್ಜೆ ನಡೆದ ಮೇಲೆ ನೋಡುತ್ತೇನೆ, ಸುಂಕಣ್ಣನೂ ಇಳಿದಿದ್ದಾನೆ. ಎಡಗಡೆ ಸ್ಟೇರಿಂಗಿನ ಆ ಜೀಪಿನ ಪಕ್ಕದಲ್ಲೇ ನಡೆಯುತ್ತ, ಒಂದು ಕೈ ಒಳಗೆ ಚಾಚಿ ಸ್ಟೇರಿಂಗು ಹಿಡಿದು, "ಬಾ ನಮ್ಮವ್ವ, ಇನ್ನೊಂದೀಟು ಬಾ," ಎಂದು ರಮಿಸುತ್ತಿದ್ದಾನೆ. ಒಳಗೆ ಉಳಿದವನು ಗಾದಿಲಿಂಗಪ್ಪ ಒಬ್ಬನೇ. ಸಾಹುಕಾರರು ಯಾವ ಏರಿಗೂ ಇಳಿದವರಲ್ಲ. ಆತ ಪಕ್ಕದ ಖಾಲಿ ಸೀಟು ನೋಡಿದ, ಸುಂಕಣ್ಣನನ್ನು ನೋಡಿದ, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ.

ಕೂಗಿದರೆ ಸುಂಕಣ್ಣ ಗಾಬರಿಯಾಗಿ ಕೈ ಬಿಡುತ್ತಾನೆ. ಕೂಗದೆ ಹಿಂದೆ ಹಿಂದೆ ನಡೆದೆ. ಜೀಪು ಒಂದು ಕಲ್ಲನ್ನೂ ತಪ್ಪಾಗಿ ಮೆಟ್ಟದೆ ಹುಣಸೆಮರದ ನೆರಳಿಗೆ ಬಂತು. ಸುಂಕಣ್ಣ ಹತ್ತಿ ಕೂತು ಇಂಜಿನ್ ನಿಲ್ಲಿಸಿ, ತಾನು ಕುಡಿಯುವ ಮೊದಲು ವಂಕದ ನೀರು ತಂದು ರೇಡಿಯೇಟರಿಗೆ ಹಾಕಿದ.

ಗಾದಿಲಿಂಗಪ್ಪ ಹಿಡಿದಿದ್ದ ಸೀಟು ಬಿಟ್ಟು ಕೇಳಿದ. "ನನ್ನ ಒಬ್ಬನ್ನ ಒಳಗ ಬಿಟ್ಟು ಯಾಕ ಇಳಿದ್ಯೋ?"

ತಾನು ಮಾಡಿದ್ದೇನೆಂದು ಆಗಲೇ ಸುಂಕಣ್ಣನಿಗೆ ತಿಳಿದದ್ದು. ಅವನ ಮುಖದಲ್ಲಿ ಗೋನೆಗಂಡ್ಲದ ಕುರಿಹಿಂಡೇ ಕಂಡಿತು. "ಅದಕ್ಕ ಭಾರ ಆಗ್ತೈತಲ್ರೀ ಸಾವ್ಕಾರ್ರ," ಎಂದ ಮೆಲ್ಲಗೆ.

ಗಾದಿಲಿಂಗಪ್ಪ ಜೀಪಿನ ಮುಂದಕ್ಕೆ ಬಂದ. ಇಂಜಿನ್ನಿನ ಮುಚ್ಚಳ ಮುಟ್ಟಿ ನೋಡಿದ, ಕೈ ಸುಡಲಿಲ್ಲ. ಬಳ್ಳಾರಿಯವನು ಕುಂತೇ ಹೊಡೆಯುತ್ತಿದ್ದ, ಇಂಜಿನ್ ಸುಟ್ಟೇ ಹಾಕುತ್ತಿದ್ದ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಓಬಳೇಶ, ಆ ಬಳ್ಳಾರಿಯಾತಗ ಬರಬ್ಯಾಡ ಅಂತ ತಂತಿ ಹೊಡಿ."

ಸುಂಕಣ್ಣ ಜೀಪಿಗೆ ಒರಗಿ ಅಳುತ್ತ ನಕ್ಕ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ವಾಪಸು ಹೊರಟಾಗ ಅದೇ ಜಾಗ ಬಂತು, ಈ ಸಲ ಇಳಿಜಾರು. ಸುಂಕಣ್ಣ ಕಲ್ಲಿನ ಹಾಗೆ ಸೀಟಿನಲ್ಲಿ ಕೂತಿದ್ದ, ನಾವೂ ಕೂತಿದ್ದೆವು. ಹುಟ್ಟಿದಾಗಿನಿಂದ ಯಾವ ಏರಿಗೂ ಗಾಡಿ ಇಳಿಯದ ಗಾದಿಲಿಂಗಪ್ಪ ಒದ್ದೆ ರುಮಾಲು ಹೆಗಲಿಗೆ ಹಾಕಿಕೊಂಡು ಕೆಳಗೆ ಇಳಿದ.

"ಭಾರ ಆಗ್ತೈತಿ," ಎಂದ.