ಮಾತು ನಿಂತರೆ ಕ್ರೇನ್ ನಿಲ್ಲಬೇಕು

ಕಟ್ಟಡದ ಕೆಲಸಗಾರರೆಲ್ಲ ಅವಳನ್ನು ಮೇಲಿನಮ್ಮ ಎಂದು ಕರೆಯುತ್ತಿದ್ದರು. ಕೇಳಲು ದೇವಿಯ ಹೆಸರಿನಂತಿದ್ದರೂ ಅದರಲ್ಲಿ ಭಕ್ತಿಯೇನೂ ಇರಲಿಲ್ಲ. ಟವರ್ ಕ್ರೇನಿನ ಮೇಲೆ, ಗಾಜಿನ ಗೂಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಿರುವ ಹೆಂಗಸನ್ನು ಇನ್ನೇನೆಂದು ಕರೆದಾರು? ಬ್ರೇಕು, ಉಕ್ಕಿನ ಹಗ್ಗ, ಕೊಕ್ಕೆಯ ಬಾಯಿಗಿರುವ ಚಿಲಕ, ಭಾರ ಮಿತಿ ಮೀರಿದರೆ ಅರಚಿಕೊಳ್ಳುವ ಗಂಟೆ, ಎಲ್ಲವನ್ನೂ ದಿನಾ ತಾನೇ ಪರೀಕ್ಷಿಸಿದ ಮೇಲೆಯೇ ಅವಳು ಕೆಲಸ ಶುರು ಮಾಡುತ್ತಿದ್ದದ್ದು. ಗಾಳಿ ಜೋರಾದರೆ ಮೇಸ್ತ್ರಿ ಎಷ್ಟು ಗೋಗರೆದರೂ ಎತ್ತುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು. ಇಂಥ ಗಟ್ಟಿಗಿತ್ತಿ ಒಂದು ದನಿಗೆ ಸೋತು ಕೂತಿದ್ದಾಳೆ ಎಂದರೆ ಯಾರು ತಾನೇ ನಂಬುತ್ತಾರೆ?

ಕಟ್ಟಡ ಎದ್ದು ನಿಂತ ಮೇಲೆ ಅದರ ಹಿಂಬದಿ ಅವಳ ಕಣ್ಣಿಗೆ ಮರೆಯಾಗಿತ್ತು. ಅಲ್ಲಿಗೆ ಏನನ್ನಾದರೂ ಇಳಿಸಬೇಕಾದರೆ ಕೆಳಗೆ ನಿಂತ ಸಿಗ್ನಲ್‌ನವನು ವಾಕಿಟಾಕಿಯಲ್ಲಿ ದಾರಿ ಹೇಳಬೇಕು. ಭಾರ ನೆಲ ಮುಟ್ಟುವವರೆಗೆ ಅವನು ಬಾಯಿ ಮುಚ್ಚುವಂತಿಲ್ಲ. ಮಾತು ನಿಂತರೆ ಕ್ರೇನ್ ನಿಲ್ಲಬೇಕು, ಮತ್ತೆ ಮಾತು ಕೇಳುವವರೆಗೆ ಒಂದು ಕೂದಲೆಳೆಯಷ್ಟೂ ಅಲುಗಬಾರದು. ಹಿಂದಿನ ಸಿಗ್ನಲ್‌ನವರೆಲ್ಲ “ಇಳಿಸಿ, ಇಳಿಸಿ” ಎಂದು ಗಿಳಿಪಾಠ ಒಪ್ಪಿಸಿ ಹೋಗಿದ್ದರು. ಇವನ ಧಾಟಿಯೇ ಬೇರೆ.

“ಇಳಿಸಿ ಮೇಲಿನೋರೇ, ಹಾಗೇ, ಚೆನ್ನಾಗಿ ಬರ್ತಿದೆ, ಇನ್ನೂ ಎರಡಾಳು ಎತ್ತರ ಇದೆ, ಇಳಿಸಿ, ಒಂದಾಳು, ಅವಸರ ಬೇಡ, ಎದೆಮಟ್ಟ, ಸೊಂಟ, ಮೊಣಕಾಲು, ಇನ್ನು ನಿಧಾನ, ಗೇಣು, ಬೆರಳು, ಕೂತ್ಕೊಂತು. ಭೇಷ್.”

ಆ ಭೇಷ್ ಎನ್ನುವುದು ಕಿವಿಗೆ ಬಿದ್ದರೆ ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಗಂಡ ಅನ್ನಿಸಿಕೊಂಡವನು ಮದುವೆಯಾದ ಹೊಸದರಲ್ಲೇ ಹೇಳದೆ ಕೇಳದೆ ಎದ್ದು ಹೋಗಿದ್ದ. ಅದಾದ ಮೇಲೆ ಅವಳೊಂದಿಗೆ ಯಾರೂ ಇಷ್ಟು ಹತ್ತಿರದಿಂದ, ಇಷ್ಟು ಮೆತ್ತಗೆ, ಅವಸರ ಬೇಡ ಎಂದಿರಲಿಲ್ಲ. ಮಧ್ಯೆ ಇಪ್ಪತ್ತು ಮಹಡಿಯ ಗಾಳಿ ಇದ್ದರೂ ದನಿ ಮಾತ್ರ ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು.

ಹಾಗಂತ ಅವನ ಮುಖ ಕಂಡಿರಲಿಲ್ಲ ಎಂದಲ್ಲ. ಬೆಳಗಿನ ಸುರಕ್ಷತೆಯ ಸಭೆಯಲ್ಲಿ ಎಲ್ಲರ ಜೊತೆ ಅವನೂ ನಿಂತಿರುತ್ತಿದ್ದ. ಆದರೆ ನೆಲದ ಮೇಲೆ ಆ ಮಹಾಶಯ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆಯೋ ಎಂಬಂತೆ ಇರುತ್ತಿದ್ದ. ಇವಳನ್ನು ಕಂಡರೆ ಹೆಲ್ಮೆಟ್ಟು ಮುಟ್ಟಿಕೊಂಡು ತಲೆಯಾಡಿಸುವನು, ಅಷ್ಟೇ. ಇವಳಾದರೂ ಏನು ಕಮ್ಮಿ? ಎದುರಿಗೆ ಬಂದರೆ ಏಣಿಯ ಕಡೆ ಓಡುವಳು. ಅವನಿಗೆ ಮನೆಮಠ, ಹೆಂಡತಿಮಕ್ಕಳು ಇದ್ದಾರೋ ಇಲ್ಲವೋ ಎಂಬುದನ್ನೂ ಕೇಳಿ ತಿಳಿದಿರಲಿಲ್ಲ. ಅವನನ್ನು ಕೇಳಲು ಧೈರ್ಯವಿಲ್ಲ, ಬೇರೆಯವರನ್ನು ಕೇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಸೈಟಿಗೆ ಡಂಗುರ ಹೊಡೆದಂತೆ.

ಅವಳು ಇರುತ್ತಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಬಟ್ಟೆ ಹೊಲಿಯುವವಳು, ಬಾಯಿ ಅವಳ ಕತ್ತರಿಗಿಂತ ಚುರುಕು.

“ಇಡೀ ದಿನ ಅವನ ಮಾತು ಕೇಳಿ ಬರ್ತೀಯ, ಇಲ್ಲಿ ನಾನು ಕೂಗಿದ್ರೆ ಕಿವೀನೇ ಕೇಳ್ಸಲ್ಲ ನಿಂಗೆ” ಎಂದು ಆ ಬೆಳಿಗ್ಗೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ ಕೆಣಕಿದಳು. “ಇವತ್ತು ಕೊನೇ ದಿನ ತಾನೆ? ಇವತ್ತಾದ್ರೂ ಬಾಯಿಬಿಟ್ಟು ಕೇಳ್ಬಿಡೇ.”

“ಏನಂತ ಕೇಳ್ಲಿ ಅಕ್ಕಾ?”

“ಅದನ್ನೂ ನಾನೇ ಹೇಳಿಕೊಡ್ಬೇಕಾ? ನಾಳೆ ಅವನು ಯಾವ ಊರೋ, ನೀನು ಯಾವ ಊರೋ. ಆಮೇಲೆ ನನ್ ಮುಂದೆ ಮುಖ ಗಂಟು ಹಾಕ್ಕೊಂಡು ಕೂತ್ರೆ ಬಿಡಲ್ಲ ನೋಡು.”

ಅಕ್ಕ ಹೇಳಿದ್ದು ಸುಳ್ಳಲ್ಲ. ಆವತ್ತು ಕಟ್ಟಡದ ಹಿಂಬದಿಗೆ ಒಂದು ಜನರೇಟರ್ ಇಳಿಸಿಬಿಟ್ಟರೆ ಕ್ರೇನಿನ ಕೆಲಸ ಮುಗಿಯಿತು. ಮರುದಿನದಿಂದ ಕ್ರೇನನ್ನು ಬಿಚ್ಚುವವರು ಬರುತ್ತಾರೆ. ಅವನಿಗೆ ಬೇರೆ ಊರಿನ ಸೈಟು, ಇವಳಿಗೆ ಬಂದರಿನ ಕ್ರೇನು. ಹೊಸ ಜಾಗದಲ್ಲಿ ಸಿಗ್ನಲ್ ಕೊಡಲು ಬೇರೆ ಯಾರೋ ಇರುತ್ತಾರೆ.

ಗಾಳಿ ಹದವಾಗಿತ್ತು. ಜನರೇಟರಿನ ನಾಲ್ಕು ಮೂಲೆಗೂ ಸರಪಳಿ ಬಿಗಿದರು. ಮೊದಲು ನೆಲದಿಂದ ಗೇಣಷ್ಟು ಎತ್ತಿ ಹಿಡಿದು, ಭಾರ ಸಮ ಇದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿದಳು. ಆಮೇಲೆ ಮೇಲಕ್ಕೆತ್ತಿ, ಕಟ್ಟಡದ ತಲೆ ದಾಟಿಸಿ ಹಿಂದಕ್ಕೆ ತಿರುಗಿಸಿದಳು. ಅಲ್ಲಿಂದ ಮುಂದಿನದ್ದೆಲ್ಲ ಅವನ ಮಾತಿನ ಮೇಲೆ.

“ಇಳಿಸಿ ಮೇಲಿನೋರೇ. ಕೆಳಗೆ ಯಾರೂ ಇಲ್ಲ, ಎಲ್ಲರನ್ನೂ ದೂರ ನಿಲ್ಸಿದ್ದೀನಿ. ಇಳಿಸಿ, ಹಾಗೇ. ಎರಡಾಳು. ಒಂದಾಳು. ಎದೆಮಟ್ಟ. ಸೊಂಟ. ಮೊಣಕಾಲು...”

ದನಿ ನಿಂತಿತು. ಅವಳ ಕೈಯೂ ನಿಂತಿತು.

ಕಾದಳು. ಕಿವಿಯಲ್ಲಿ ಸದ್ದೇ ಇಲ್ಲ. ಇಷ್ಟು ದಿನದಲ್ಲಿ ಅವನು ಒಮ್ಮೆಯೂ ಮೊಣಕಾಲಿಗೆ ಬಂದು ನಿಂತವನಲ್ಲ. ಉಳಿದಿರುವುದು ಗೇಣು, ಬೆರಳು, ಒಂದು ಭೇಷ್. ಅಷ್ಟು ಹೇಳಿಬಿಟ್ಟರೆ ಎಲ್ಲ ಮುಗಿಯಿತು. ಹೇಳಲು ಅವನಿಗೆ ಬಾಯಿ ಬರುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಕಣ್ಣು ಮಂಜಾಯಿತು. ಕ್ರೇನ್ ನಡೆಸುವವಳು ಮೌನವನ್ನು ಅಪಾಯ ಎಂದೇ ಓದಬೇಕು. ಹಗಲಿರುಳು ಆ ದನಿಯನ್ನೇ ಧ್ಯಾನಿಸಿದವಳು ಬೇರೆ ಏನನ್ನೋ ಓದಿಕೊಂಡಳು. ಬ್ರೇಕು ಬಿಗಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ, ವಾಕಿಟಾಕಿಯ ಗುಂಡಿ ಒತ್ತಿದಳು.

“ನಂಗೂ ಇಳಿಸೋಕೆ ಮನಸ್ಸಿಲ್ಲ, ಸಿಗ್ನಲ್‌ನೋರೇ” ಎಂದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. “ಇದನ್ನ ಇಳಿಸಿಬಿಟ್ರೆ ನಾಳೆಯಿಂದ ನಿಮ್ಮ ಮಾತಿಲ್ಲ. ಮನೇಲಿ ಊಟ ಬಡಿಸ್ಕೊಳ್ಳೋವಾಗ್ಲೂ ನಿಮ್ಮ ದನೀನೇ ಕೇಳತ್ತೆ, ಅವಸರ ಬೇಡ ಅಂತ. ನಗ್ಬೇಡಿ. ನಂಗೆ ನೀವು ಬೇಕು. ನಿಮಗೆ ಯಾರಿದ್ದಾರೆ, ಯಾರಿಲ್ಲ, ನಾನು ಕೇಳೇ ಇಲ್ಲ, ಕೇಳೋಕೆ ಭಯ. ನೀವು ಸುಮ್ಮನಾದ್ರಲ್ಲ, ಅದಕ್ಕೇ ಹೇಳ್ತಿದ್ದೀನಿ.”

ಗುಂಡಿ ಬಿಟ್ಟಳು. ವಾಕಿಟಾಕಿಯ ಗುಂಡಿ ಒತ್ತಿ ಹಿಡಿದವರಿಗಷ್ಟೇ ಮಾತು, ಮಿಕ್ಕವರೆಲ್ಲ ಕೇಳುತ್ತಿರಬೇಕಾದವರು. ಆ ಸೈಟಿನಲ್ಲಿ ವಾಕಿಟಾಕಿ ಇದ್ದವರೆಲ್ಲ ಕೇಳಿದ್ದರು. ಕಿವಿಯಲ್ಲಿ ಕೆಮ್ಮಿದ್ದು ಮೇಸ್ತ್ರಿ.

“ಅಮ್ಮಾ... ಅವನ ಬ್ಯಾಟರಿ ಹೋಗಿದೆಯಂತೆ. ನನ್ ಸೆಟ್ ಕಳಿಸ್ತಿದ್ದೀನಿ. ಭಾರ ಹಾಗೇ ಹಿಡ್ಕೊಂಡಿರಿ.”

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು. ಬಿಟ್ಟರೂ ಅಷ್ಟು ಎತ್ತರದಿಂದ ಅದರೊಳಕ್ಕೆ ಇಳಿಯಲು ಹೊತ್ತಾದರೂ ಬೇಕಲ್ಲ. ಭಾರದ ಕಾವಲಿಗೆ ಒಬ್ಬನನ್ನು ನಿಲ್ಲಿಸಿ, ಕಟ್ಟಡದ ಮೂಲೆಯಿಂದ ಸಿಗ್ನಲ್‌ನವನು ಓಡಿ ಬರುವುದು ಕಾಣಿಸಿತು. ಕೈ ಅಡ್ಡ ಚಾಚಿ ನಿಲ್ಲಿಸಿ ಎಂಬ ಸನ್ನೆ ಮಾಡಿದ. ಸತ್ತ ವಾಕಿಟಾಕಿ ತೋರಿಸಿ ತಲೆಯಾಡಿಸಿದ. ಅವನೊಬ್ಬನನ್ನು ಬಿಟ್ಟು ಸುತ್ತಲಿದ್ದವರೆಲ್ಲ ನಗು ನುಂಗಿಕೊಂಡು ನಿಂತಿದ್ದರು.

ಮೇಸ್ತ್ರಿಯ ಸೆಟ್ ಅವನ ಕೈ ಸೇರಿತು. ಅವನು ಹಿಂಬದಿಗೆ ಓಡಿದ. “ಕೇಳಿಸ್ತಾ ಮೇಲಿನೋರೇ? ಗಾಬರಿ ಆಯ್ತಾ? ಮೊಣಕಾಲಿಗಿದೆ. ಇಳಿಸಿ. ಗೇಣು. ಬೆರಳು. ಕೂತ್ಕೊಂತು. ಭೇಷ್.” ಸ್ವಲ್ಪ ತಡೆದು, “ಅಲ್ಲಾ, ಇಲ್ಲಿ ಎಲ್ರೂ ನನ್ ಮುಖ ನೋಡಿ ಹಲ್ಲು ಕಿರೀತಿದ್ದಾರೆ. ಏನಾಯ್ತು?”

ಏನಿಲ್ಲ ಎಂದುಬಿಡಬಹುದಿತ್ತು. ಆದರೆ ಸಂಜೆಯೊಳಗೆ ಯಾರಾದರೂ ಉಪ್ಪುಖಾರ ಹಚ್ಚಿ ಅವನಿಗೆ ಹೇಳಿಯೇ ಹೇಳುತ್ತಾರೆ. ತನ್ನ ಮನಸ್ಸಿನ ಮಾತನ್ನು ಇನ್ನೊಬ್ಬರ ಬಾಯಿಂದ ಅವನು ಕೇಳುವುದು ಅವಳಿಗೆ ಬೇಕಿರಲಿಲ್ಲ.

“ನಂಗೆ ನೀವು ಬೇಕು ಅಂದೆ” ಎಂದಳು.

ಮತ್ತೆ ಮೌನ. ಈ ಸಲ ಬ್ಯಾಟರಿ ಚೆನ್ನಾಗಿತ್ತು.

“ಮನೇಲಿ ನನ್ನಾಕೆ ಇದ್ದಾಳೆ, ಮೇಲಿನೋರೇ” ಎಂದ, ಕೊನೆಗೆ. ದನಿ ಅದೇ, ಅಷ್ಟೇ ಮೆತ್ತಗೆ. “ಯಾವತ್ತಾದ್ರೂ ನಾನೇ ಹೇಳ್ಬೇಕಿತ್ತು.”

“ಕೇಳ್ಬೇಕಾಗಿದ್ದೋಳು ನಾನು.”

ಯಾರೂ ನಗಲಿಲ್ಲ. ಅವಳಿಗೆ ಅಳು ಬಂತು, ಒರೆಸಿಕೊಂಡಳು, ಮತ್ತೆ ಬಂತು. ಕೆಳಗೆ ಸರಪಳಿ ಕಳಚುವ ಸದ್ದು ಅವನ ಸೆಟ್ಟಿನಿಂದ ಕೇಳಿಸುತ್ತಿತ್ತು.

“ಬಿಚ್ಚಿದ್ದಾಯ್ತು” ಎಂದ ಅವನು. “ಜನ ದೂರ ಇದ್ದಾರೆ. ಬರೀ ಕೊಕ್ಕೆ, ನೇರಕ್ಕೆ ಎತ್ಕೊಂಡ್ರೆ ಆಯ್ತು. ಕಟ್ಟಡದ ತಲೆ ದಾಟಿದ್ರೆ ನಿಮಗೇ ಕಾಣತ್ತೆ.”

“ನೀವು ಹೇಳ್ತಾ ಇರಿ.”

“ಬರೀ ಕೊಕ್ಕೆಗಾ?”

“ಹೌದು. ಪೂರ್ತಿ ಮೇಲೆ ಬರೋವರೆಗೂ.”

“ಏರಿಸಿ ಮೇಲಿನೋರೇ. ಎದೆಮಟ್ಟ. ಒಂದಾಳು. ಅವಸರ ಬೇಡ. ಮೊದಲ್ನೇ ಮಹಡಿ. ಏರಿಸಿ, ಹಾಗೇ, ಚೆನ್ನಾಗಿ ಹೋಗ್ತಿದೆ. ಎರಡನೇದು...”

ಅವಳು ಕ್ರೇನನ್ನು ಎಲ್ಲಕ್ಕಿಂತ ನಿಧಾನದ ಗೇರಿನಲ್ಲಿಟ್ಟಳು. ಕೆಲಸ ತಡವಾಗುತ್ತದೆ ಎಂದು ಯಾರೂ ಗದರಲಿಲ್ಲ. ಕೊಕ್ಕೆ ಒಂದೊಂದೇ ಮಹಡಿ ಹತ್ತಿತು, ಅವನು ಒಂದನ್ನೂ ಬಿಡದೆ ಹೇಳಿದ. ಅದು ಕಟ್ಟಡದ ತಲೆ ದಾಟಿ, ಬಿಸಿಲಿಗೆ ಹೊಳೆಯುತ್ತ ಅವಳ ಕಣ್ಣೆದುರಿಗೇ ಬಂದು ನಿಂತಿತು. ಕಣ್ಣಿಗೆ ಬಿಸಿಲು ಹೊಡೆದು, ಅವನಿಗೆ ಕೆಳಗಿನಿಂದ ಅದು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. “ಏರಿಸಿ, ಇನ್ನೂ ಸ್ವಲ್ಪ” ಎನ್ನುತ್ತಲೇ ಇದ್ದ. ಬಂತು ಎಂದು ಅವಳು ಹೇಳಲಿಲ್ಲ.