ಹೊಟ್ಟೆಯ ಮೇಲೆ ಎರಡು ಗುರುತು

ಮಸಾನ್ ಬಂದರಿನ ಹೆಂಗಸರ ಸ್ನಾನದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಮಂದಿಯ ಮೈ ಉಜ್ಜಿದವಳು ಬೊಂಗ್‌ನಿಮ್. ಬಿಸಿನೀರಿನಲ್ಲಿ ನೆನೆದು ಬಂದವರನ್ನು ಮಂಚದ ಮೇಲೆ ಮಲಗಿಸಿ, ಒರಟು ಗವಸು ತೊಟ್ಟು ಕೊಳೆ ತೆಗೆಯುವ ಕೆಲಸ. ಹೆರಿಗೆಯ ಗಾಯ, ಕೊಯ್ದ ಮೊಲೆ, ಗೂನುಬೆನ್ನು, ಅವಳ ಕೈ ಮುಟ್ಟದ ಮೈ ಇರಲಿಲ್ಲ.

ಐವತ್ತೆರಡಕ್ಕೆ ಅವಳಿಗೆ ಗರ್ಭಕಂಠದ ಕ್ಯಾನ್ಸರ್ ಬಂತು. ಇಪ್ಪತ್ತೆಂಟು ದಿನ ರೇಡಿಯೇಶನ್ ಕೊಟ್ಟು, ಹೋಯಿತು ಅಂದರು. ಒಂದೂವರೆ ವರ್ಷಕ್ಕೆ ಅದೇ ಜಾಗದಲ್ಲಿ ಮರಳಿ ಬಂತು.

ಬೂಸಾನಿನ ಆಸ್ಪತ್ರೆಯಲ್ಲಿ ಡಾಕ್ಟರ್ ಗಿಲ್ ಏನನ್ನೂ ಮುಚ್ಚಿಡಲಿಲ್ಲ. ಒಮ್ಮೆ ಸುಟ್ಟ ಜಾಗಕ್ಕೆ ಮತ್ತೆ ಅಷ್ಟು ರೇಡಿಯೇಶನ್ ಕೊಡುವಂತಿಲ್ಲ. ಔಷಧಿ ಕೆಲವು ತಿಂಗಳು ತಡೆದೀತು. ಗುಣವಾಗುವ ದಾರಿ ಒಂದೇ: ಗರ್ಭಕೋಶ, ಯೋನಿ, ಮೂತ್ರಕೋಶ, ಗುದನಾಳ ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಆಮೇಲೆ ಸಾಯುವ ತನಕ ಹೊಟ್ಟೆಗೆ ಎರಡು ಚೀಲ, ಒಂದು ಮೂತ್ರಕ್ಕೆ, ಒಂದು ಮಲಕ್ಕೆ. ಹೊಟ್ಟೆ ತೆರೆದಾಗ ಗಂಟು ಪಕ್ಕದ ಎಲುಬಿಗೆ ಹತ್ತಿದ್ದು ಕಂಡರೆ ಮುಟ್ಟದೆ ಹೊಲಿದುಬಿಡಬೇಕು ಎಂದೂ ಹೇಳಿದರು.

ಬೊಂಗ್‌ನಿಮ್ ಬೇಡವೆಂದು ಎದ್ದು ಬಂದಳು. ಸ್ನಾನದ ಮನೆಯಲ್ಲಿ ಪಕ್ಕದ ಮಂಚದಲ್ಲಿ ಕೆಲಸ ಮಾಡುತ್ತಿದ್ದ ಚುನ್‌ಹೀ ಬಿಡಲಿಲ್ಲ.

"ಚೀಲ ಕಟ್ಕೊಂಡು ನೀರಿಗೆ ಹ್ಯಾಗೆ ಇಳೀಲೇ? ಜನ ಎದ್ದು ಹೋಗ್ತಾರೆ."

"ಹೋಗ್ಲಿ ಬಿಡಕ್ಕ, ಅವರ ಕೊಳೆ ಅವರ ಮೈಮೇಲೇ ಇರ್ಲಿ. ನೀನಿರು ಸಾಕು."

ಹತ್ತು ದಿನ ಯೋಚಿಸಿ ಒಪ್ಪಿದಳು. ಆಪರೇಷನ್ನಿನ ಹಿಂದಿನ ದಿನ ನರ್ಸ್ ಅವಳನ್ನು ಕೂರಿಸಿ, ನಿಲ್ಲಿಸಿ, ಮಡಿಕೆ ಬೀಳದ ಜಾಗ ಹುಡುಕಿ ಹೊಕ್ಕುಳಿನ ಎಡಬಲಕ್ಕೆ ಪೆನ್ನಿನಿಂದ ಗುರುತು ಹಾಕಿದಳು. ಬೊಂಗ್‌ನಿಮ್ ಹಾಸಿಗೆಯ ಮೇಲೆ ಬಗ್ಗಿ, ಬೆನ್ನು ಉಜ್ಜುವ ಹಾಗೆ ಕೈಯಾಡಿಸಿ ನೋಡಿದಳು.

"ಎಡಗಡೇದು ಚೂರು ಮೇಲಿರ್ಲಿ ಕಣಮ್ಮ. ಇಲ್ದಿದ್ರೆ ಮಂಚದ ಅಂಚು ತಾಗತ್ತೆ."

ನರ್ಸ್ ಅಳಿಸಿ ಮತ್ತೆ ಹಾಕಿದಳು. ಎಷ್ಟೋ ತಿಂಗಳಾದ ಮೇಲೆ ಬೊಂಗ್‌ನಿಮ್ ಮನಸ್ಸು ಹಗುರಾಗಿತ್ತು.

ಹತ್ತು ಗಂಟೆ ಹಿಡಿಯುವ ಆಪರೇಷನ್. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದಳು. ಎಚ್ಚರವಾದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು. ಕಿಟಕಿಯಲ್ಲಿ ಇನ್ನೂ ಬೆಳಗಿನ ಬಿಸಿಲು. ಹೊಟ್ಟೆ ಮುಟ್ಟಿ ನೋಡಿಕೊಂಡಳು. ನಡುವೆ ಪಟ್ಟಿ, ಆಚೀಚೆ ಬರೀ ಚರ್ಮ. ಯಾರೂ ಹೇಳುವ ಮೊದಲೇ ತಿಳಿಯಿತು.

ಡಾಕ್ಟರ್ ಗಿಲ್ ಪಕ್ಕದಲ್ಲಿ ಕೂತು, ಗಂಟು ಬಲಗಡೆಯ ಎಲುಬಿಗೆ ಅಂಟಿಹೋಗಿದೆ, ತೆಗೆಯಲಾಗಲಿಲ್ಲ ಎಂದರು. ಬೊಂಗ್‌ನಿಮ್ ತಲೆಯಾಡಿಸಿದಳು. ಅಷ್ಟು ದಿನ ಹೇಸಿಕೊಂಡಿದ್ದ ಚೀಲಗಳಿಗಾಗಿ ಅವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು.

ಮಾರನೆಯ ದಿನ ಚಿಪ್ಪುಮೀನಿನ ಗಂಜಿ ತಂದ ಚುನ್‌ಹೀ, ತಾನೇ ಬಲವಂತ ಮಾಡಿ ಕುಯ್ಯಿಸಿದೆ ಎಂದು ಕೊರಗಿದಳು.

"ಹಾಗನ್ಬೇಡ್ವೇ," ಎಂದಳು ಬೊಂಗ್‌ನಿಮ್. "ನಾನು ಬದುಕ್ತೀನಿ ಅಂತ ಸ್ವಲ್ಪ ದಿನವಾದ್ರೂ ಅಂದ್ಕೊಂಡಿದ್ದೆ."

ಗಂಟು ತಡೆಯುವ ಔಷಧಿ ಮೂರು ಸಲ ಏರಿಸುವಷ್ಟರಲ್ಲಿ ಬಲಗಾಲು ಬಾತು ಕಂಬವಾಯಿತು. ನಾಲ್ಕನೆಯದಕ್ಕೆ ಅವಳು ಹೋಗಲಿಲ್ಲ. ಕೊನೆಯ ವಾರ ನೋವಿನ ಮದ್ದಿನ ಮಂಪರಿನಲ್ಲಿ ಯಾರ ಗುರುತೂ ಹತ್ತಲಿಲ್ಲ. ಚುನ್‌ಹೀಯನ್ನು ಯಾವುದೋ ನರ್ಸ್ ಅಂದುಕೊಂಡು ಬಹುವಚನದಲ್ಲಿ ಮಾತಾಡಿಸಿದಳು. ಅವಳು ತೀರಿಕೊಂಡದ್ದು ಸುಗ್ಗಿಯ ಹಬ್ಬಕ್ಕೆ ನಾಲ್ಕು ದಿನ ಮೊದಲು, ಮಧ್ಯಾಹ್ನ, ನೋಡಲು ಬರುತ್ತಿದ್ದ ಚುನ್‌ಹೀ ಇನ್ನೂ ಬಸ್ಸಿನಲ್ಲಿದ್ದಾಗ.