ಕಲ್ಲಿಲ್ಲದ ಸಾಲು

ಬೆಳೆ ಹಸಿರಾಗಿದೆ ಎಂದು ಅಳುವವರನ್ನು ನರಸಿಂಹಮ್ಮ ತನ್ನ ಅರವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಈಗ ಕಂಡಳು. ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತು ಲೋಹಿತಾ ವೇಲಿನ ತುದಿಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

"ತೊಂಬತ್ತಾರು ಸಾಲಲ್ಲಿ ಒಂದೂ ಬಾಡಿಲ್ಲ ಅಜ್ಜಿ."

"ಬಾಡ್ದಿದ್ರೆ ಒಳ್ಳೇದೇ ಅಲ್ವೇನವ್ವ?" ಎಂದಳು ನರಸಿಂಹಮ್ಮ, ಸೆರಗಿನ ಗಂಟಿನಲ್ಲಿ ಇಲ್ಲದ್ದನ್ನು ಹುಡುಕುತ್ತ.

ಲೋಹಿತಾ ಶಿರಾದ ಹುಡುಗಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮಧುಗಿರಿ ಬೆಟ್ಟದ ಹಿಂದಿನ ಈ ಹೊಲದಲ್ಲಿ ಎರಡು ಗುಂಟೆ ಕೇಳಿ ಪಡೆದು, ಸಾಲಿಗೊಂದು ತಳಿಯಂತೆ ಕಡಲೆಕಾಯಿ ಹಾಕಿದ್ದಳು. ಗಿಡ ಗೇಣುದ್ದ ಆದಾಗ ಪ್ರತಿ ಸಾಲಿನಿಂದಲೂ ಎಲೆ ಚಿವುಟಿ ಲ್ಯಾಬಿಗೆ ಕಳಿಸಿದ್ದಳು. ಅವತ್ತೇ ಹೇಳಿದ್ದಳು: "ಒಂದೇ ಹೊಟ್ಟೇಲಿ ಹುಟ್ಟಿದ್ರೂ ಒಬ್ರು ಬಿಸಿಲು ತಡೀತಾರೆ, ಒಬ್ರು ತಲೆಸುತ್ತಿ ಬೀಳ್ತಾರೆ. ಯಾಕೆ ಅನ್ನೋದು ಒಳಗೆಲ್ಲೋ ಬರೆದಿರುತ್ತೆ ಅಜ್ಜಿ. ಎಲೆಯಿಂದ ಆ ಬರಹ ಸಿಗುತ್ತೆ. ಅದರಲ್ಲಿ ಬಿಸಿಲು ತಡೆಯೋ ಅಕ್ಷರ ಯಾವುದು ಅಂತ ತಿಳೀಬೇಕಾದ್ರೆ, ನೀರಿಲ್ದೆ ಯಾವ ಸಾಲು ಮೊದಲು ಬಾಡುತ್ತೆ, ಯಾವುದು ಕೊನೇವರೆಗೂ ನಿಲ್ಲುತ್ತೆ ಅಂತ ನೋಡ್ಬೇಕು. ಇಪ್ಪತ್ತೈದು ದಿನ ಒಂದು ಹನಿ ನೀರೂ ಬೇಡ."

ನೀರು ನಿಲ್ಲಿಸಿದ ಮಾರನೇ ದಿನವೇ ಅವಳಿಗೆ 'ಅಮ್ಮ' ಆಯಿತು. ಮೈತುಂಬ ಗುಳ್ಳೆಯೆದ್ದು ಶಿರಾದ ಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದಳು. ದಿನಾ ಹೊಲದ ಫೋಟೋ ಕಳಿಸುವ ಕೆಲಸ ನರಸಿಂಹಮ್ಮನ ಗಂಡ ಬೊಮ್ಮಪ್ಪನ ಪಾಲಿಗೆ ಬಂತು. ಬೊಮ್ಮಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಇಪ್ಪತ್ತೈದು ಫೋಟೋಗಳಲ್ಲೂ ಅವನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿತ್ತು.

ಇನ್ನು ನರಸಿಂಹಮ್ಮನ ಕೈಗುಣ. ಹಿಂದೊಮ್ಮೆ ಅವಳು ಮಾವನ ಊರುಗೋಲು ತೊಳೆದು ಬಚ್ಚಲ ಪಕ್ಕ ನಿಲ್ಲಿಸಿದ್ದಕ್ಕೆ ಅದು ಮೂರು ಎಲೆ ಬಿಟ್ಟಿತಂತೆ. ಚಿಗುರಿದ್ದನ್ನು ಕೀಳಬಾರದೆಂದು ಮುದುಕ ಆಮೇಲೆ ಗೋಡೆ ಹಿಡಿದೇ ಓಡಾಡಿದ. ಇಂಥವಳ ಕಣ್ಣೆದುರು ಲೋಹಿತಾ ತೊಂಬತ್ತಾರು ಸಾಲು ಒಣಗಲು ಬಿಟ್ಟು ಹೋಗಿದ್ದಳು.

"ಮಳೆ ಏನಾದ್ರೂ ಬಂತಾ ಅಜ್ಜಿ?"

"ಎಲ್ಲಿ ಮಳೆ? ಮೋಡಾನೇ ಕಂಡಿಲ್ಲ."

"ಮತ್ತೆ ಹೆಂಗೆ? ಎಲೆ ಬರಹ ನೋಡಿದ್ರೆ ತೊಂಬತ್ತಾರೂ ಬೇರೆ ಬೇರೆ, ಹೊಲದಲ್ಲಿ ನೋಡಿದ್ರೆ ಎಲ್ಲಾ ಒಂದೇ. ಸರ್‌ಗೆ ಏನಂತ ತೋರಿಸ್ಲಿ? ಎರಡು ವರ್ಷದ ಕೆಲಸ ಹೋಯ್ತು. ಇಂಥದ್ದನ್ನ ನೋಡಿ ಪರೀಕ್ಷೆಗೆ ಇನ್ನೊಂದು ಬೇಸಿಗೆ ಯಾರೂ ಕೊಡಲ್ಲ."

ಈ ಹುಡುಗಿ ನರಸಿಂಹಮ್ಮನ ಕೈಯ ಮುದ್ದೆ ಉಂಡು, ನಮ್ಮಮ್ಮನಿಗೂ ಇಷ್ಟು ನುಣ್ಣಗೆ ಬರಲ್ಲ ಅಂದಿದ್ದಳು. ನರಸಿಂಹಮ್ಮನಿಗೆ ಮುದ್ದೆ ನುಂಗಿದ ಹಾಗೆ ನಿಜ ನುಂಗಲಾಗಲಿಲ್ಲ.

"ಬಾಡಿದ್ವು ಕಣವ್ವ. ಆರನೇ ದಿನಕ್ಕೇ ಆ ಮೂಲೇವು ತಲೆ ಹಾಕ್ಬುಟ್ವು. ಹಾಲಿಲ್ದ ಕೂಸಿನಂಗೆ ನನ್ನೇ ನೋಡೋವು. ನಾನೇ ತೊಟ್ಟಿಯಿಂದ ಕೊಡದಲ್ಲಿ ತಂದು ಹುಯ್ದೆ."

ಹೊಂಗೆಮರದ ನೆರಳಿನಿಂದ ಬೊಮ್ಮಪ್ಪ ಕೂಗಿದ: "ಬ್ಯಾಡ ಕಣೇ, ಅದು ಓದೋ ಹುಡ್ಗಿ ಗಿಡ ಅಂದೆ. ಕೇಳಿದ್ರಲ್ವಾ? ನಾನೊಂದು ಲೋಟ ನೀರು ಕೇಳಿದ್ರೆ ಎದ್ದು ಕುಡ್ಕೋ ಅಂತಾಳೆ. ಕಳ್ಳೆಗಿಡಕ್ಕೆ ಕೊಡ ಹೊತ್ತವ್ಳೆ!"

"ಗಿಡಕ್ಕೆ ಕಾಲಿಲ್ಲ. ನಿಂಗೈತೆ."

ಲೋಹಿತಾ ಬದುವಿನ ಮೇಲೆ ಕೂತಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು; ಬೈಯಲಿಲ್ಲ. ಮಣ್ಣು ಕೆದರುತ್ತ, "ಎಲ್ಲಾ ಸಾಲಿಗೂ ಹುಯ್ದ್ರಾ?" ಎಂದು ಕೇಳಿದಳು.

"ಎಲ್ಲಾದ್ಕೂ ಯಾಕೆ ಹುಯ್ಲಿ? ನನ್ ಸೊಂಟ ಏನ್ ಸರ್ಕಾರದ್ದಾ? ಬಾಡಿದ್ಕೆ ಹುಯ್ದೆ. ತಿರ್ಗಾ ಬಾಡಿದ್ರೆ ತಿರ್ಗಾ ಹುಯ್ದೆ. ನೆಟ್ಟಗೆ ನಿಂತಿದ್ದೋವ್ನ ಮುಟ್ಟಿಲ್ಲ."

ಲೋಹಿತಾ ತಲೆಯೆತ್ತಿದಳು. "ಯಾವ ಸಾಲಿಗೆ ಎಷ್ಟು ಕೊಡ ಅಂತ ನೆನಪಿದ್ಯಾ?"

"ನೆನಪ್ಯಾಕೆ? ಕಲ್ಲಿಟ್ಟಿದೀನಲ್ಲ."

ಮೆಣಸಿನ ಪೈರಿಗೆ ನೀರು ಹೊರುವಾಗ ಅತ್ತೆ ಕಲಿಸಿದ್ದ ಪದ್ಧತಿ ಅದು: ಹುಯ್ದ ಕೊಡಕ್ಕೊಂದು ಕಲ್ಲು. ಇಲ್ಲದಿದ್ದರೆ ಒಂದಕ್ಕೆ ಎರಡು ಸಲ ಬಿದ್ದು ಇನ್ನೊಂದಕ್ಕೆ ಅನ್ಯಾಯವಾಗುತ್ತದೆ. ಸಾಲುಗಳ ತಲೆಯಲ್ಲಿ ಬೆಣಚುಕಲ್ಲಿನ ಪುಟ್ಟ ಗುಡ್ಡೆಗಳಿದ್ದವು. ಬೆಳಿಗ್ಗೆ ಲೋಹಿತಾ ಅವುಗಳಲ್ಲೊಂದನ್ನು ಎಡವಿ, ಕಳೆ ತೆಗೆದವರನ್ನು ಬೈದುಕೊಂಡಿದ್ದಳು.

ಈಗ ಪುಸ್ತಕ ಹಿಡಿದು ಓಡಿದಳು. ಒಂದು ಕಡೆ ನಾಲ್ಕು ಕಲ್ಲು, ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಎರಡು. "ಅಜ್ಜಿ, ಹೆಚ್ಚು ಕಲ್ಲು ಅಂದ್ರೆ ಹೆಚ್ಚು ಸಲ ಬಾಡಿದ್ದು!" ಎಂದು ಕೂಗಿದಳು. ಆಮೇಲೆ ಕೊಡ ತರಿಸಿ, ತೊಟ್ಟಿಯ ನೀರನ್ನು ಬಾಟಲಿಯಲ್ಲಿ ಅಳೆದು ಅದಕ್ಕೆ ತುಂಬಿಸಿದಳು. ಹನ್ನೊಂದೂವರೆ ಲೀಟರ್ ಬಂತು. ಹನ್ನೆರಡು ಹಿಡಿಯಬೇಕಿತ್ತು, ಆದರೆ ಪಕ್ಕದಲ್ಲೊಂದು ತಗ್ಗಿತ್ತು. ಆ ತಗ್ಗು ಬೊಮ್ಮಪ್ಪನ ಹಣೆಗೆ ಸರಿಯಾಗಿ ಕೂರುತ್ತಿತ್ತು. ಅದರ ವಿಷಯ ಗಂಡ ಹೆಂಡತಿ ಇಬ್ಬರೂ ಮಾತಾಡುತ್ತಿರಲಿಲ್ಲ.

ಹೊತ್ತು ಬೆಟ್ಟದ ಕಡೆ ವಾಲುವಷ್ಟರಲ್ಲಿ ತೊಂಬತ್ತಾರೂ ಮುಗಿದವು. ಐವತ್ಮೂರನೇ ಸಾಲಿನ ತಲೆಯಲ್ಲಿ ಮಾತ್ರ ಒಂದು ಕಲ್ಲೂ ಇರಲಿಲ್ಲ.

"ಇದರ ಎಲೆ ಬರಹಾನ ಒಂಬತ್ತು ಕಲ್ಲಿರೋದರ ಪಕ್ಕ ಇಟ್ಟು ನೋಡ್ತೀನಿ," ಎಂದಳು ಲೋಹಿತಾ. "ಇನ್ನೊಂದ್ಸಲ ಪರೀಕ್ಷೆ ಮಾಡ್ಲೇಬೇಕು. ಆದ್ರೆ ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಯ್ತು. ಇದನ್ನ ತೋರಿಸಿ ಇನ್ನೊಂದು ಬೇಸಿಗೆ ಕೇಳ್ತೀನಿ ಅಜ್ಜಿ."

"ಅವಾಗ ನನ್ನ ತವರಿಗೆ ಕಳಿಸ್ಬುಡು," ಎಂದಳು ನರಸಿಂಹಮ್ಮ. ಅವಳ ಕಣ್ಣು ಆ ಸಾಲಿನ ಮೇಲೇ ಇತ್ತು. ಬಿಸಿಲಿಗೆ ಎಲೆ ಮಡಚಿಕೊಂಡು, ಯಾರನ್ನೂ ನೋಡದೆ ನಿಂತಿತ್ತು. "ಪಾಪ, ಇದು ಒಂದಿನಾನೂ ಕೇಳ್ಲಿಲ್ಲ."

ಅಳತೆ ಮಾಡಿದ ಕೊಡ ತುಂಬಿದ ಹಾಗೇ ತೊಟ್ಟಿಯ ಪಕ್ಕ ಇತ್ತು. ನರಸಿಂಹಮ್ಮ ಅದನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

ಲೋಹಿತಾ ಬರೆದದ್ದನ್ನು ಇನ್ನೊಮ್ಮೆ ಓದಿ ಪುಸ್ತಕ ಮುಚ್ಚಿದಳು. ಹೋಗಿ ಕೊಡವನ್ನು ಸೊಂಟಕ್ಕೇರಿಸಿ, ಅರ್ಧ ನೀರು ಮೈಮೇಲೆ ಚೆಲ್ಲಿಕೊಳ್ಳುತ್ತ ಬಂದು, ಉಳಿದದ್ದನ್ನು ಐವತ್ಮೂರರ ಬುಡಕ್ಕೆ ಹುಯ್ದಳು.

ನರಸಿಂಹಮ್ಮ ಬಗ್ಗಿ, ಬದುವಿನಲ್ಲಿ ನುಣುಪಾದದ್ದೊಂದು ಕಲ್ಲು ಆರಿಸಿ, ಸೆರಗಿನಲ್ಲಿ ಒರೆಸಿ, ಸಾಲಿನ ತಲೆಗಿಟ್ಟಳು.